‘ಹಳ್ಳಿ ಹುಡುಗಿಗೆ ಇಷ್ಟು ಸಾಕು’ ಅನ್ನೋಕೆ ಅಂಗಡಿಯವರು ಯಾರು?

ಕಳೆದ ವರ್ಷ ನನ್ನ ಅಕ್ಕನ ಮಗಳು ಹಾವೇರಿಯಲ್ಲಿ ಬಿಸಿಎಗೆ ಸೇರಿದಳು. ಮೊದಲ ವಾರವೇ ಕಾಲೇಜಿನವರು ‘ಎಲ್ಲರೂ ಲ್ಯಾಪ್‌ಟಾಪ್ ತನ್ನಿ’ ಅಂದರು. ಎಂಥದ್ದು ಅಂತ ಹೇಳಲಿಲ್ಲ. ಅಕ್ಕ ಸಂಘದಲ್ಲಿ 15 ಸಾವಿರ ಸಾಲ ಎತ್ತಿದಳು. ಅಕ್ಕನ ಗಂಡ, ನಮ್ಮ ಮಾವ, ಮನೆಯಲ್ಲಿ ಉಳಿದಿದ್ದ ಗೋವಿನಜೋಳ ಮಾರಿ 10 ಸಾವಿರ ಸೇರಿಸಿದರು. ದೊಡ್ಡ ಅಂಗಡಿಯೊಂದಕ್ಕೆ ಹೋಗಿ 24,500 ರೂಪಾಯಿ ಕೊಟ್ಟು ಹೊಸ ಲ್ಯಾಪ್‌ಟಾಪ್ ತಂದರು. ಬ್ಯಾಗು, ಮೌಸು ಫ್ರೀ. ಮನೆಯಲ್ಲಿ ಪೂಜೆಯೂ ಆಯಿತು.

ದಸರಾ ಹೊತ್ತಿಗೆ ಅದು ಆನ್ ಆಗಲು ಐದು ನಿಮಿಷ ತಗೊಳ್ಳುತ್ತಿತ್ತು. ಅಪ್‌ಡೇಟ್ ಬಂದರೆ ‘ಜಾಗ ಇಲ್ಲ’ ಅನ್ನುತ್ತಿತ್ತು. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಗಪ್ಪಂತ ನಿಲ್ಲುತ್ತಿತ್ತು. ಮಾವ ವಾಪಸ್ ಅಂಗಡಿಗೆ ಹೋದರು. ಅಲ್ಲಿನ ಹುಡುಗ ಹೇಳಿದ್ದು ಇಷ್ಟು: ‘ಯಜಮಾನ್ರ, ಹಳ್ಳ್ಯಾಗ ಇರೋ ಹುಡುಗಿಗೆ ಇಷ್ಟ ಸಾಕಾಗತೈತಿ ಅಂತ ಕೊಟ್ಟೀವ್ರಿ.’

ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ವಿಂಡೋಸ್ 11 ನಡೆಯಲು ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಲೆಕ್ಕವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಕನಿಷ್ಠ ಅಂದರೆ ಎತ್ತು ಎದ್ದು ನಿಲ್ಲುವಷ್ಟು ಮೇವು. ಅಷ್ಟೇ ಹಾಕಿ ಹೊಲ ಹೂಡು ಅಂದರೆ ಹೂಡುತ್ತದಾ? ಇಎಂಎಂಸಿ ಅನ್ನುವುದು ಅಗ್ಗದ ಮೊಬೈಲಿನ ಒಳಗಿರುವಂಥ ಮೆಮೊರಿ. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸಾಲದು ಅಂತ ತೆಗೆದು ದೊಡ್ಡದು ಹಾಕಲು ಬರುವುದಿಲ್ಲ. ಇಂಥ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ ಹಾಗೇ. ಬಿಸಿಎ ಹುಡುಗಿ ಮುಂದೆ ಮೊಬೈಲ್ ಆ್ಯಪ್ ಮಾಡಲು ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಳ್ಳಬೇಕು. ಅದಕ್ಕೆ ಕನಿಷ್ಠವೇ 8 ಜಿಬಿ ರ‍್ಯಾಮ್. ಅಂದರೆ ಕೊಂಡ ದಿನವೇ ಆ ಯಂತ್ರ ಆಕೆಯ ಕೋರ್ಸಿಗೆ ಆಗುವಂಥದ್ದಲ್ಲ.

ಬಡವರಿಗೆ ಅತಿ ತುಟ್ಟಿ ಬೀಳುವುದು ಈ ಅತಿ ಅಗ್ಗದ ಹೊಸ ಲ್ಯಾಪ್‌ಟಾಪೇ. ಪೇಟೆಯ ಹುಡುಗನಿಗೆ ಆರು ತಿಂಗಳಿಗೆ ಇನ್ನೊಂದು ಕೊಡಿಸುತ್ತಾರೆ. ನಮ್ಮಲ್ಲಿ ಒಂದು ಕೊಂಡರೆ ಡಿಗ್ರಿ ಮುಗಿಯುವವರೆಗೆ ಅದೇ. ಹಾಗಿರುವಾಗ ಕಡಿಮೆ ದರ್ಜೆಯದ್ದನ್ನು ನಮಗೇ ದಾಟಿಸುವುದು ಯಾವ ನ್ಯಾಯ?

ನಾನು ಹೇಳುವುದು ಇಷ್ಟೇ. 25 ಸಾವಿರದೊಳಗೆ ಬಜೆಟ್ ಇದ್ದರೆ, ಆಫೀಸುಗಳಲ್ಲಿ ಬಳಸಿ ಬಿಟ್ಟ ಒಳ್ಳೆಯ ಹಳೆ ಲ್ಯಾಪ್‌ಟಾಪ್ ತಗೊಳ್ಳಿ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಅನ್ನುವಂಥವು. ಕಂಪನಿಗಳು ಮೂರ‍್ನಾಲ್ಕು ವರ್ಷ ಬಳಸಿ ಗಟ್ಟಲೆಯಲ್ಲಿ ಮಾರುತ್ತವೆ. ಮೈ ಗಟ್ಟಿ, ಕೀಬೋರ್ಡು ಗಟ್ಟಿ, ಬಿಡಿಭಾಗ ಸಿಗುತ್ತವೆ.

‘ಹಳೇದು ತಂದರೆ ಜನ ಏನಂತಾರೆ?’ ಅಂತ ಅಕ್ಕ ನನ್ನನ್ನೇ ಕೇಳಿದಳು. ನಮ್ಮೂರಿನಲ್ಲಿರುವ ಟ್ರ್ಯಾಕ್ಟರುಗಳಲ್ಲಿ ಅರ್ಧ ಸೆಕೆಂಡ್ ಹ್ಯಾಂಡ್. ಯಾರೂ ನಾಚಿಕೊಳ್ಳಲಿಲ್ಲ. ಟೈರು ನೋಡಿದರು, ಇಂಜಿನ್ ಸದ್ದು ಕೇಳಿದರು, ಆರ್‌ಸಿ ನೋಡಿದರು, ತಂದರು. ಇದೂ ಹಾಗೇ. ಮೋಸ ಇಲ್ಲಿಯೂ ಇದೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಏನೇನು ನೋಡಬೇಕು ಅಂತ ಹೇಳುತ್ತೇನೆ.

ಮೊದಲನೆಯದು ಸ್ಟಿಕ್ಕರಿನ ಮೋಸ. ‘ಐ5 ಐತ್ರಿ’ ಅನ್ನುತ್ತಾರೆ. ಬರೀ ಐ5 ಅಂದರೆ ಏನೂ ಹೇಳಿದಂತಲ್ಲ. ಪೂರ್ತಿ ನಂಬರ್ ಕೇಳಿ. ಐ5-6300ಯು ಅಂದರೆ 6ನೇ ತಲೆಮಾರು. ಐ5-8350ಯು ಅಂದರೆ 8ನೇ ತಲೆಮಾರು. ನಂಬರ್ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ನೋಡಿ: 10, 11, 12. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರೊಸೆಸರುಗಳು ಬಹುತೇಕ 8ನೇ ತಲೆಮಾರಿನಿಂದ ಈಚಿನವು. 6ನೇ ತಲೆಮಾರಿನದಕ್ಕೆ ಹೇಗೋ ವಿಂಡೋಸ್ 11 ತುರುಕಿ ಮಾರುವವರಿದ್ದಾರೆ. ಅದನ್ನು ಬಿಟ್ಟುಬಿಡಿ.

ಎರಡನೆಯದು, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇದಕ್ಕಿಂತ ಕೆಳಗೆ ಇಳಿಯಬೇಡಿ. ಹೊಸದೇ ಕೊಳ್ಳುವವರಿಗೂ ಇದೇ ಅಳತೆ.

ಮೂರನೆಯದು ಬ್ಯಾಟರಿ. ‘ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸ್ರಿ’ ಅನ್ನಿ. ವಿಂಡೋಸಿನಲ್ಲೇ ಅದು ಬರುತ್ತದೆ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿ ಇರುತ್ತವೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಿ ಕೊಡಲಿ, ಇಲ್ಲವೇ ಆ ದುಡ್ಡು ಬಿಡಲಿ. ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಬ್ಯಾಟರಿ ಅಂದರೆ ಓದು.

ನಾಲ್ಕನೆಯದು, ಆಫ್ ಮಾಡಿ ಮತ್ತೆ ಆನ್ ಮಾಡಿಸಿ. ಹಳೆ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಮುಟ್ಟಬೇಡಿ. ಪ್ರತಿ ಕೀ ಒತ್ತಿ ನೋಡಿ. ಕ್ಯಾಮೆರಾ, ವೈಫೈ, ಚಾರ್ಜರ್ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ಎಷ್ಟು ತಿಂಗಳ ಗ್ಯಾರಂಟಿ ಅಂತ ಬರೆದಿರಲಿ. ಬಾಯಿಮಾತಿನ ಗ್ಯಾರಂಟಿ ಅಂಗಡಿ ಮೆಟ್ಟಿಲು ಇಳಿಯುವವರೆಗೆ ಮಾತ್ರ. ಬಿಲ್ ಕೊಡದವನ ಹತ್ತಿರ ತಗೊಳ್ಳಬೇಡಿ.

ಇನ್ನು ‘ಬಡ್ಡಿ ಇಲ್ಲದ ಇಎಂಐ’ ಬಗ್ಗೆ ಒಂದು ಮಾತು. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ಆರ್‌ಬಿಐ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬಡ್ಡಿ ಬೆಲೆಯೊಳಗೆ ಅಡಗಿರುತ್ತದೆ, ಇಲ್ಲವೇ ಪ್ರೊಸೆಸಿಂಗ್ ಫೀಸಿನಲ್ಲಿ. ‘ನಗದು ಕೊಟ್ಟರೆ ಎಷ್ಟು?’ ಅಂತ ಮೊದಲು ಕೇಳಿ. ಆಮೇಲೆ ಕಂತುಗಳನ್ನೆಲ್ಲ ಕೂಡಿಸಿ ನೋಡಿ. ವ್ಯತ್ಯಾಸ ಎಷ್ಟೋ ಅದೇ ಬಡ್ಡಿ.

500 ರೂಪಾಯಿಗೆ ಕಳ್ಳ ಆಫೀಸ್ ಹಾಕಿಕೊಡುತ್ತೇವೆ ಅನ್ನುವವರಿಗೂ ಬೇಡ ಅನ್ನಿ. ಲಿಬ್ರೆಆಫೀಸ್ ಪುಕ್ಕಟೆ, ಕಾನೂನುಬದ್ಧ, ಯೂನಿಕೋಡ್ ಕನ್ನಡವೂ ಚೆನ್ನಾಗಿ ಬರುತ್ತದೆ.

ಎಲ್ಲರಿಗೂ ಲ್ಯಾಪ್‌ಟಾಪ್ ಬೇಕೇ ಬೇಕು ಅಂತಲೂ ನಾನು ಹೇಳುವುದಿಲ್ಲ. ಬಿಎ ಮೊದಲ ವರ್ಷಕ್ಕೆ ನೋಟ್ಸು ಓದಲು ಮೊಬೈಲು, ಕಾಲೇಜಿನ ಲ್ಯಾಬು ಸಾಕಾಗಬಹುದು. ಬಿಕಾಂ ಮಕ್ಕಳು ಟ್ಯಾಲಿ ಕಲಿಯಬೇಕೆಂದರೆ ವಿಂಡೋಸ್ ಇರುವುದೇ ಬೇಕು, ಅಗ್ಗವೆಂದು ಕ್ರೋಮ್‌ಬುಕ್ ತಂದರೆ ಕೈಕೈ ಹಿಸುಕಿಕೊಳ್ಳಬೇಕು. ಆದರೆ ಕೋಡಿಂಗ್ ಕಲಿಯುವ ಹುಡುಗಿಗೆ ‘ಮೊಬೈಲಿನಲ್ಲೇ ಮಾಡಮ್ಮ’ ಅನ್ನುವುದು, ಹೊಲಿಗೆ ಕಲಿಯಲು ಬಂದವಳ ಕೈಗೆ ಬರೀ ಸೂಜಿ ಕೊಟ್ಟಂತೆ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನಗೆ ಕಾಲೇಜುಗಳ ಮೇಲೆ. ಪ್ರಾಸ್ಪೆಕ್ಟಸಿನಲ್ಲಿ ಕಟ್ಟಡದ ಫೋಟೋ ಹಾಕುತ್ತಾರೆ, ಫೀಸು ಹಾಕುತ್ತಾರೆ. ‘ಈ ಕೋರ್ಸಿಗೆ ಇಷ್ಟು ರ‍್ಯಾಮ್, ಇಷ್ಟು ಜಾಗ ಇರುವ ಲ್ಯಾಪ್‌ಟಾಪ್ ಬೇಕು, ಹಳೆಯದಾದರೂ ನಡೆಯುತ್ತದೆ’ ಎಂಬ ಎರಡು ಸಾಲು ಹಾಕಲು ಏನು ಕಷ್ಟ? ಕಂಪ್ಯೂಟರ್ ಕಲಿಸುವ ಮೇಷ್ಟ್ರಿಗೆ ಅದು ಎರಡು ನಿಮಿಷದ ಕೆಲಸ. ಆ ಎರಡು ಸಾಲು ಇಲ್ಲದ್ದಕ್ಕೇ ಅಂಗಡಿಯ ಹುಡುಗ ನಮ್ಮ ಮಕ್ಕಳಿಗೆ ಎಷ್ಟು ಸಾಕು ಅಂತ ತೀರ್ಮಾನಿಸುತ್ತಿದ್ದಾನೆ. ಅಡ್ಮಿಷನ್‌ಗೆ ಹೋದಾಗ ಅಪ್ಪ ಅಮ್ಮಂದಿರು ಇದನ್ನು ಬರೆಸಿಕೊಂಡೇ ಬನ್ನಿ. ಲ್ಯಾಬು ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಅಂತಲೂ ಕೇಳಿ.

ಅಕ್ಕನ ಮಗಳ ಹೊಸ ಲ್ಯಾಪ್‌ಟಾಪನ್ನು ದೀಪಾವಳಿ ಆದಮೇಲೆ 9 ಸಾವಿರಕ್ಕೆ ಮಾರಿದೆವು. ನಾನು 10 ಸಾವಿರ ಹಾಕಿ, ಹುಬ್ಬಳ್ಳಿಯಲ್ಲಿ 19 ಸಾವಿರಕ್ಕೆ 8ನೇ ತಲೆಮಾರಿನ ಹಳೆಯದೊಂದು ಕೊಡಿಸಿದೆ. ಈಗ ಆಕೆಯ ಪ್ರಾಜೆಕ್ಟ್ ಅದರಲ್ಲೇ ನಡೆದಿದೆ. ಒಟ್ಟು ನಷ್ಟ 15,500 ರೂಪಾಯಿ. ಅಕ್ಕ ಎತ್ತಿದ್ದ ಸಾಲ 15 ಸಾವಿರ. ಮನೆಯಲ್ಲಿ ಇಲ್ಲದ ಲ್ಯಾಪ್‌ಟಾಪಿಗೆ ಆಕೆ ಇವತ್ತಿಗೂ ವಾರದ ಕಂತು ಕಟ್ಟುತ್ತಿದ್ದಾಳೆ.