ಹಬ್ಬದ ಬೆಳಕಿನ ವ್ಯಾಪಾರ

ಶ್ರಾವಣ ಕಾಲಿಟ್ಟಿತೆಂದರೆ ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಐ.ಟಿ.ಐ. ಮುಗಿಸಿ ಕೆಲಸಕ್ಕಾಗಿ ಕಾದು ಕುಳಿತ ಮಗನು ತಂದೆಯ ಮುಂದೆ ನಿಂತು, “ಅಪ್ಪಾ, ಗಣಪತಿಗೆ, ದೀಪಾವಳಿಗೆ ಲೈಟ್ ಹಾಕೋ ಕೆಲಸ ಹಿಡೀತೀನಿ, ಐವತ್ತು ಸಾವಿರ ಕೊಡ್ರಿ” ಎನ್ನುತ್ತಾನೆ. ತಂದೆ ಬ್ಯಾಂಕಿನ ಪುಸ್ತಕವನ್ನು ನೆನೆಯುತ್ತಾರೆ. ತಾಯಿ ತನ್ನ ಕೈಯ ಪಾಟಲಿಗಳನ್ನು ನೋಡಿಕೊಳ್ಳುತ್ತಾಳೆ.

ಕೊಡಬಹುದೇ? ಕೊಡಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಹುಡುಗನು ದೀಪ ಹಚ್ಚುವುದನ್ನು ಮಾತ್ರ ಬಲ್ಲವನೋ, ಇಳಿಸುವುದನ್ನೂ ಬಲ್ಲವನೋ ಎಂಬುದನ್ನು ಮೊದಲು ವಿಚಾರಿಸಬೇಕು. ಈ ವ್ಯಾಪಾರದ ಲಾಭವೆಲ್ಲವೂ ಆ ಎರಡನೆಯ ವಿದ್ಯೆಯಲ್ಲಿ ಅಡಗಿದೆ.

ಬೆಳಕನ್ನು ಬಾಡಿಗೆಗೆ ಕೊಡುವುದು ಹೊಸ ಸಂಗತಿಯೇನಲ್ಲ. ಮದುವೆಯ ಮೆರವಣಿಗೆಗೆ ಗ್ಯಾಸ್‌ಬತ್ತಿಗಳನ್ನು ತಲೆಯ ಮೇಲೆ ಹೊರಿಸಿ ಕಳುಹಿಸುತ್ತಿದ್ದ ಅಂಗಡಿಗಳನ್ನು ಹಿರಿಯ ಓದುಗರು ಕಂಡಿರಬೇಕು. ಕಡಲಾಚೆಯಲ್ಲಿ, ನ್ಯೂಯಾರ್ಕ್ ನಗರದಲ್ಲಿ, ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರ ಕ್ರಿಸ್ಮಸ್ಸಿಗೆ ತನ್ನ ಮನೆಯ ಮರಕ್ಕೆ 80 ವಿದ್ಯುದ್ದೀಪಗಳನ್ನು ಕಟ್ಟಿದನು. ಅನಂತರ ಎಷ್ಟೋ ವರ್ಷ ಅದು ಸಿರಿವಂತರ ಸೊತ್ತಾಗಿಯೇ ಉಳಿಯಿತು. ಒಂದೊಂದು ದೀಪಕ್ಕೂ ತಂತಿ ಜೋಡಿಸಲು ಬಲ್ಲವನೊಬ್ಬನನ್ನು ಕರೆಯಿಸಬೇಕಾಗಿತ್ತು. ನಮ್ಮ ಮೈಸೂರಿನ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ವೈಭವವನ್ನು ಕಂಡು ಬೆರಗಾಗದವರಿಲ್ಲ. ಕೆಟ್ಟ ಬಲ್ಬುಗಳನ್ನು ಹುಡುಕಿ ಬದಲಿಸುವ ಕೈಗಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದೆ ಹದಿನೈದು ವ್ಯಾಟಿನ ಇನ್ನೂರು ಬಲ್ಬುಗಳನ್ನು ಉರಿಸಿದರೆ ಮೂರು ಸಾವಿರ ವ್ಯಾಟು ಬೇಕಾಗುತ್ತಿತ್ತು. ಇಂದು ಎಲ್.ಇ.ಡಿ. ದೀಪಗಳ ಒಂದು ಸರಕ್ಕೆ ಕೆಲವೇ ವ್ಯಾಟು ಸಾಕು. ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿದ್ದಕ್ಕಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಸಂಶೋಧನೆಯ ಫಲವು ಇಂದು ದುರ್ಗದಬೈಲಿನ ಪೇಟೆಯಲ್ಲಿ ಅಗ್ಗವಾಗಿ ಮಾರಾಟಕ್ಕೆ ತೂಗಾಡುತ್ತಿದೆ. ಅಂದಮೇಲೆ ಗೃಹಸ್ಥನು ತಾನೇ ಒಂದು ಸರ ತಂದು ತೂಗುಹಾಕಬಹುದಲ್ಲ? ನಮ್ಮ ತರುಣನು ಮಾರುವುದಾದರೂ ಏನನ್ನು?

ಆತನು ಮಾರತಕ್ಕದ್ದು ಸಮಾಧಾನವನ್ನು. ಎರಡನೆಯ ಮಹಡಿಯ ಅಂಚಿಗೆ ನಿಚ್ಚಣಿಕೆ ಹಾಕುವ ವಯಸ್ಸು ಮನೆಯ ಯಜಮಾನನಿಗೆ ದಾಟಿರುತ್ತದೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರ, ಮಾಳಮಡ್ಡಿಗಳಲ್ಲಿ ಇಂಥ ಮನೆಗಳು ಕಡಮೆಯಲ್ಲ. ಅವರಿಗೆ ಬೇಕಾದದ್ದು ಲಕ್ಷ್ಮೀಪೂಜೆಯ ಹೊತ್ತಿಗೆ ಮನೆಯ ಮುಂಭಾಗ ಬೆಳಗುವುದು, ನಡುವೆ ಕೆಟ್ಟರೆ ಒಂದು ದೂರವಾಣಿ ಕರೆಗೆ ಆಳು ಬರುವುದು. ಈ ಸರಗಳಿಗೆ ‘ಸೀರಿಯಲ್ ಸೆಟ್’ ಎಂಬ ಹೆಸರು ಬಂದದ್ದೇ ದೀಪಗಳನ್ನು ಒಂದರ ಬೆನ್ನಿಗೆ ಒಂದರಂತೆ ಜೋಡಿಸಿರುವುದರಿಂದ. ಒಂದು ಕಡೆ ತಂತಿ ಕಡಿದರೆ ಆ ಸಾಲೇ ಕತ್ತಲಾಗುತ್ತದೆ. ವಾರಪತ್ರಿಕೆಯ ಧಾರಾವಾಹಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು; ಕಂತೊಂದು ತಪ್ಪಿದ ಓದುಗರ ಕೋಪವನ್ನು ಬಲ್ಲ ನಮಗೆ ದೀಪದವನ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಕಾಲದ ವಿಚಾರ. ಈ ವ್ಯಾಪಾರಿಯ ನಿಜವಾದ ಲೆಕ್ಕದ ಪುಸ್ತಕ ಪಂಚಾಂಗ. ಭಾದ್ರಪದ ಶುದ್ಧ ಚೌತಿಯಿಂದ ಅನಂತ ಚತುರ್ದಶಿಯವರೆಗೆ ಗಣೇಶನ ಮಂಟಪಗಳು. ಕೂಡಲೇ ಮಹಾಲಯ ಪಕ್ಷ. ಆ ಹದಿನೈದು ದಿನ ಯಾರೂ ಅಲಂಕಾರಕ್ಕೆ ಕರೆಯುವುದಿಲ್ಲವಾದ್ದರಿಂದ ಸರಗಳನ್ನು ಒಣಗಿಸಿ, ದುರಸ್ತಿ ಮಾಡಿಕೊಳ್ಳಲು ದೇವರೇ ಕೊಟ್ಟ ಬಿಡುವು ಅದು. ನವರಾತ್ರಿಯಾಗಿ ಮೂರನೆಯ ವಾರಕ್ಕೆ ದೀಪಾವಳಿ. ಅಮಾವಾಸ್ಯೆ, ಪಾಡ್ಯಗಳಂದು ಅಂಗಡಿಕಾರರ ಪೂಜೆ. ತುಳಸೀ ಲಗ್ನ ಮುಗಿದರೆ ಮದುವೆಗಳು. ಡಿಸೆಂಬರಿನಲ್ಲಿ ಕ್ರೈಸ್ತ ಬಂಧುಗಳ ಮನೆಗಳಿಗೆ ನಕ್ಷತ್ರಗಳು. ಅದೇ ಸರ ಐದು ಸಲ ದುಡಿಯಬಲ್ಲದು. ಆದರೆ ಅಧಿಕಮಾಸವನ್ನು ಮರೆತರೆ ಕೆಟ್ಟಂತೆ. 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಚೌತಿಯು, ಅಧಿಕ ಜ್ಯೇಷ್ಠದ ಕಾರಣ, 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಬೀಳುತ್ತದೆ. ಹಳೆಯ ದಿನಾಂಕವನ್ನು ನಂಬಿ ಸಾಲ ತೆಗೆದವನು ಹದಿನೆಂಟು ದಿನ ಬಡ್ಡಿಯನ್ನು ಸುಮ್ಮನೆ ಕಟ್ಟಬೇಕಾದೀತು.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪೇಟೆಯ ದರ ವಿಚಾರಿಸಿ ತಿದ್ದಿಕೊಳ್ಳಿರಿ. ಒಂದು ಮನೆಗೆ ಹನ್ನೆರಡು ಸರ, ತಲಾ 150 ರೂಪಾಯಿಯಂತೆ 1,800. ಕಟ್ಟುವ, ಬಿಚ್ಚುವ ಕೂಲಿ 800. ಟೇಪು, ಮೊಳೆ, ಸಾಗಾಣಿಕೆ 200. (ನಿಚ್ಚಣಿಕೆ ಹೊತ್ತುಕೊಂಡು ‘ಚಿಗರಿ’ ಬಸ್ಸು ಹತ್ತಲು ಯಾರೂ ಬಿಡುವುದಿಲ್ಲ; ಧಾರವಾಡದ ಕೆಲಸ ಹಿಡಿದ ಹುಬ್ಬಳ್ಳಿಯವನು ವಾಹನದ ಖರ್ಚನ್ನು ಮೊದಲೇ ಸೇರಿಸಬೇಕು.) ಗಿರಾಕಿ ಕೊಡುವುದು 3,000 ಎಂದು ಹಿಡಿದರೆ ಮೊದಲ ವರ್ಷ ಉಳಿಯುವುದು ಬರೀ 200 ರೂಪಾಯಿ! ಹುಡುಗನು ಎದೆಗುಂದುವುದು ಇಲ್ಲಿಯೇ. ಆದರೆ ಆ ಸರಗಳು ಕೆಡದೆ ಉಳಿದು, ಮರುವರ್ಷ ಕಾಲುಭಾಗವನ್ನಷ್ಟೇ, ಅಂದರೆ 450 ರೂಪಾಯಿಯ ಮಾಲನ್ನು ಹೊಸದಾಗಿ ಕೊಂಡರೆ, ಅದೇ ಮನೆಯಿಂದ ಉಳಿಯುವುದು 1,550. ಆದುದರಿಂದ ಒಂದೇ ಹಬ್ಬದಲ್ಲಿ ಹಣ ದ್ವಿಗುಣವಾಗುವುದೆಂಬ ಮಾತನ್ನು ನಂಬಿ ಪಾಟಲಿ ಒತ್ತೆ ಇಡುವುದು ಬೇಡ. ಮುದ್ರಾ ಯೋಜನೆಯ ‘ಶಿಶು’ ಸಾಲವು ಐವತ್ತು ಸಾವಿರದವರೆಗೆ ದೊರೆಯುವುದುಂಟು; ಅದನ್ನು ಮೊದಲು ವಿಚಾರಿಸಬೇಕು.

ಮೊದಲ ವರ್ಷವೇ ದೊಡ್ಡ ಗಣೇಶ ಮಂಡಳಗಳ ಕೆಲಸಕ್ಕೆ ಕೈಹಾಕುವುದನ್ನು ನಾವು ಒಪ್ಪುವುದಿಲ್ಲ. 1956ರವರೆಗೆ ಮುಂಬಯಿ ಸೀಮೆಗೆ ಸೇರಿದ್ದ ನಮ್ಮ ಊರುಗಳಿಗೆ ಟಿಳಕರು 1893ರಿಂದ ಬೆಳೆಸಿದ ಸಾರ್ವಜನಿಕ ಉತ್ಸವದ ನಂಟು ದೊಡ್ಡದು. ಗಲ್ಲಿಗೊಂದು ಮಂಡಳ, ಒಂದಕ್ಕಿಂತ ಒಂದು ಹೆಚ್ಚಿನ ಬೆಡಗು. ಆದರೆ ಅಲ್ಲಿ ಹಣ ಬರುವುದು ಪಟ್ಟಿ ಕೂಡಿದಷ್ಟು. ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ ಬಾಕಿ ಕೇಳಲು ಹೋದರೆ ಪದಾಧಿಕಾರಿಗಳು ಮನೆಯಲ್ಲಿ ಸಿಕ್ಕುವುದು ದುರ್ಲಭ. ಅರ್ಧ ಹಣ ಮುಂಗಡ, ಉಳಿದರ್ಧ ಪ್ರತಿಷ್ಠಾಪನೆಯ ದಿನ ಎಂದು ಕಾಗದದ ಮೇಲೆ ಬರೆಸಿಕೊಳ್ಳದ ಹೊರತು ತಂತಿಯ ಸುರುಳಿ ಬಿಚ್ಚಬಾರದು.

ಹಣಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಚೌತಿ ಬರುವುದು ಮಳೆಗಾಲದಲ್ಲಿ. ಧಾರವಾಡದ ಜಿಟಿಜಿಟಿ ಮಳೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ತೊಯ್ದ ಕಬ್ಬಿಣದ ಕಂಬ, ಟೇಪು ಸಡಿಲಾದ ಒಂದು ಜೋಡಣೆ, ಬರಿಗಾಲಿನಲ್ಲಿ ಮಂಗಳಾರತಿಗೆ ನಿಂತ ಮಕ್ಕಳು, ಇವು ಮೂರೂ ಒಂದೆಡೆ ಕೂಡಿದರೆ ಏನಾದೀತೆಂಬುದನ್ನು ದೀಪದವನು ಪ್ರತಿ ಸಂಜೆಯೂ ನೆನೆಯಬೇಕು. ಹೋಗುವ ವಿದ್ಯುತ್ತಿಗೂ ಮರಳುವ ವಿದ್ಯುತ್ತಿಗೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡೊಡನೆ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿಯುವ ರಕ್ಷಕ ಸಾಧನವೊಂದುಂಟು. ಬಂಡವಾಳದಲ್ಲಿ ಮೊದಲು ಕೊಳ್ಳತಕ್ಕದ್ದು ಅದು. ಬಣ್ಣದ ಸರಗಳು ಆಮೇಲೆ. ನಿಚ್ಚಣಿಕೆ ಬಿದಿರಿನದಿರಲಿ, ಅಲ್ಯೂಮಿನಿಯಮ್ಮಿನದು ಬೇಡ. ಜೋಡಣೆಗಳು ನೆಲದಿಂದ ಮೇಲಿರಲಿ. ಮಂಟಪಕ್ಕೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯುವುದು ಮಂಡಳದವರ ಹೊಣೆ. ಕಂಬದ ತಂತಿಗೆ ಕೊಕ್ಕೆ ಹಾಕೆಂದು ಹೇಳಿದವರಿಗೆ ಕೈಮುಗಿದು ಹೊರಬೀಳಬೇಕು. 2003ರ ವಿದ್ಯುತ್ ಕಾಯಿದೆಯ 135ನೆಯ ಕಲಮಿನಂತೆ ಅದು ಕಳವು. ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯವು ಕೊಡುವ ವೈರ್‌ಮನ್ ಪರವಾನಗಿ ಕೈಯಲ್ಲಿದ್ದರೆ ದೊಡ್ಡ ಅಂಗಡಿಯವರು ನಂಬಿ ಕೆಲಸ ಒಪ್ಪಿಸುತ್ತಾರೆ. ಐ.ಟಿ.ಐ. ಓದಿದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಇಳಿಸುವ ವಿದ್ಯೆಗೆ ಬರೋಣ. ಹಬ್ಬ ಮುಗಿದ ಮರುದಿನ ಎಲ್ಲರಿಗೂ ದಣಿವು. ಕೂಲಿಯವನು ಸರದ ಒಂದು ತುದಿ ಹಿಡಿದು ಜಗ್ಗುತ್ತಾನೆ; ಮೊಳೆಗೆ ಸಿಕ್ಕಿದ ತಂತಿ ಹರಿಯುತ್ತದೆ; ಉಳಿದದ್ದು ಚೀಲದಲ್ಲಿ ಗಂಟಾಗಿ ಬೀಳುತ್ತದೆ. ಮುಂದಿನ ವರ್ಷದ 1,550 ರೂಪಾಯಿ 200 ಆಗುವುದು ಈ ಅರ್ಧ ತಾಸಿನಲ್ಲಿಯೇ. ಬಲ್ಲವನು ಮೊಳೆಯಿಂದ ಮೊಳೆಗೆ ಬಿಡಿಸುತ್ತ ಬಂದು, ರಟ್ಟಿನ ತುಂಡಿಗೆ ಸುತ್ತಿ, ಒದ್ದೆಯಿದ್ದರೆ ನೆರಳಿನಲ್ಲಿ ಒಣಗಿಸಿ, ಇಲಿ ಕಡಿಯದಂತೆ ತಗಡಿನ ಪೆಟ್ಟಿಗೆಯಲ್ಲಿಡುತ್ತಾನೆ. ಪ್ರತಿ ಸುತ್ತಿಗೂ ಒಂದು ಚೀಟಿ ಅಂಟಿಸುತ್ತಾನೆ: ‘ಮಾಳಮಡ್ಡಿ, ಮೂಲೆಮನೆ, ಮೇಲಿನ ಗಚ್ಚು, 22 ಅಡಿ, ಎಡದಿಂದ ಬಲಕ್ಕೆ.’ ಮರುವರ್ಷ ಆ ಮನೆಯಲ್ಲಿ ಅಳತೆ ಹಿಡಿಯುವ ಕೆಲಸವಿಲ್ಲ. ಬೆಳಿಗ್ಗೆ ಹೋದವನು ಮಧ್ಯಾಹ್ನದ ಊಟದೊಳಗೆ ಮುಗಿಸಿ ಸಪ್ತಾಪುರದ ಕೆಲಸಕ್ಕೆ ಹೊರಡಬಹುದು.