ರೂಟ್ ಪಾಸ್‌ವರ್ಡ್ ಯಾರ ಕೈಲಿದೆ?



ಇಂಜಿನಿಯರಿಂಗ್ ಕಾಲೇಜಲ್ಲಿ ಜಾತಿ ಎಲ್ಲಿದೆ ಸ್ವಾಮಿ ಅಂತ ಕೇಳೋರಿಗೆ ಒಂದು ಗ್ರೂಪ್ ಪ್ರಾಜೆಕ್ಟಿನ ಕಥೆ ಹೇಳ್ತೀನಿ. ನಮ್ಮ ಕೇರಿಯ ಹುಡುಗಿ, ಹಾಸ್ಟೆಲಲ್ಲಿದ್ದು ಓದ್ತಿದಾಳೆ. ನಾಲ್ಕು ಜನರ ತಂಡ, ವಿಷಯ ಕ್ಲೌಡ್ ಕಂಪ್ಯೂಟಿಂಗ್. ಒಂದು ಸಣ್ಣ ವೆಬ್‌ಸೈಟನ್ನು ಅಮೆಜಾನಿನ ಎಡಬ್ಲ್ಯೂಎಸ್ ಮೇಲೆ ಕೂರಿಸಿ ನಡೆಸಿ ತೋರಿಸಬೇಕು. ಖಾತೆ ತೆರೆಯೋಕೆ ಬ್ಯಾಂಕ್ ಕಾರ್ಡ್ ಬೇಕು. ಅಪ್ಪನ ಕ್ರೆಡಿಟ್ ಕಾರ್ಡ್ ಇದ್ದ ಹುಡುಗ ತೆರೆದ. ಸರ್ವರ್ ಅವನದು, ಡೇಟಾಬೇಸ್ ಅವನ ಗೆಳೆಯರದು. ಇವಳಿಗೆ? ರಿಪೋರ್ಟ್ ಟೈಪ್ ಮಾಡೋದು, ಪಿಪಿಟಿ ಮಾಡೋದು, ಬೈಂಡಿಂಗ್ ಮಾಡಿಸ್ಕೊಂಡು ಬರೋದು. "ನೀನು ನೀಟಾಗಿ ಮಾಡ್ತೀಯ" ಅನ್ನೋ ಹೊಗಳಿಕೆ ಬೇರೆ! ಇಡೀ ಸೆಮಿಸ್ಟರ್ ಆ ಖಾತೆಯೊಳಗೆ ಅವಳಿಗೆ ಪ್ರವೇಶವಿಲ್ಲ. ವೈವಾದಲ್ಲಿ ಸರ್ವರ್ ಬಗ್ಗೆ ಕೇಳಿದಾಗ ತಡವರಿಸಿದಳು. "ಕೋಟಾ ಸೀಟು ಅಂದ್ರೆ ಇಷ್ಟೇ" ಅಂತ ಗೈಡ್ ಎದುರೇ ಒಬ್ಬ ಅಂದ. ಗೈಡ್ ನಕ್ಕರಂತೆ.

ಕಾರ್ಡ್ ಅವನದು, ಪಾಪ ಅವನೇನು ಮಾಡ್ತಾನೆ ಅನ್ನೋರು ಬಂದೇ ಬರ್ತಾರೆ. ಕೇಳಿ. ಖಾತೆ ತೆರೆದೋನ ಲಾಗಿನ್‌ಗೆ ರೂಟ್ ಅಂತಾರೆ. ಅವನು ಉಳಿದ ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಬಹುದು. ಐಎಎಂ ಅಂತ ಅದರ ಹೆಸರು, ಒಂದು ಪೈಸೆ ಖರ್ಚಿಲ್ಲ. ಕಾರ್ಡೇ ಬೇಡ ಅಂದ್ರೆ ಮೈಕ್ರೋಸಾಫ್ಟಿನ ಅಜೂರ್ ಇದೆ, ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕಾರ್ಡ್ ಕೇಳದೆ 100 ಡಾಲರಿನಷ್ಟು ಬಳಕೆ ಕೊಡುತ್ತೆ. ನಾನು ಬಿಎ ಓದಿದ ಗುಮಾಸ್ತ, ನನಗೆಲ್ಲಿ ಗೊತ್ತು ಇದೆಲ್ಲ! ಆಮೇಲೆ ಅವಳೇ ಕೂತು ಕಲಿತು ನನಗೂ ಹೇಳಿಕೊಟ್ಟಳು. ಹಾಗಾದ್ರೆ ಅವಳನ್ನು ಹೊರಗಿಟ್ಟಿದ್ದು ಕಾರ್ಡಲ್ಲ.

ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಿಡಿಸಿಟ್ಟಿದ್ದು ಇದನ್ನೇ, ಕೆಲಸ ಹಂಚೋ ನೆಪದಲ್ಲಿ ಮನುಷ್ಯರನ್ನೇ ಮೇಲೆ ಕೆಳಗೆ ಜೋಡಿಸೋದು. ನಮ್ಮ ಆಫೀಸುಗಳಲ್ಲೂ ನೋಡಿದೀನಿ. ಕಡತ ಕಟ್ಟೋನು ಒಬ್ಬ, ಬೀರುವಿನ ಕೀಲಿ ಇನ್ನೊಬ್ಬನ ಸೊಂಟದಲ್ಲಿ. ಕೀಲಿ ಇದ್ದೋನಿಗೆ ಬುದ್ಧಿವಂತ ಅಂತ ಹೆಸರು. ನಾಳೆ ಕಂಪನಿಯೋರು ಬಂದು ಕ್ಲೌಡ್ ಗೊತ್ತಾ ಅಂತ ಕೇಳಿದಾಗ ಅವನು "ಗೊತ್ತು" ಅಂತಾನೆ, ಅದಕ್ಕೆ ಮೆರಿಟ್ ಅಂತಾರೆ.

ಯಾರೆಷ್ಟು ಕೆಲಸ ಮಾಡಿದ್ರು ಅಂತ ನಮಗೆ ಹೇಗೆ ಗೊತ್ತಾಗುತ್ತೆ ಅಂತಾರೆ ಗೈಡುಗಳು. ಎಡಬ್ಲ್ಯೂಎಸ್ಸಿನಲ್ಲೇ ಕ್ಲೌಡ್‌ಟ್ರೇಲ್ ಅಂತ ಇದೆ. ಯಾವ ಲಾಗಿನ್‌ನಿಂದ ಏನು ನಡೀತು ಅನ್ನೋ 90 ದಿನದ ದಾಖಲೆ ಪುಕ್ಕಟೆ ಸಿಗುತ್ತೆ. ನಾಲ್ಕು ಹೆಸರಿರಬೇಕಾದ ಕಡೆ ಎಷ್ಟು ಹೆಸರಿದೆ, ತೆಗೆದು ನೋಡಿ ಸಾರ್!

ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಆ ಅಧಿಕಾರಿ ಹೆಸರು ಹುಡುಕಿಕೊಂಡು ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ನಿಂತೆ. ಕ್ಯಾಂಟೀನ್ ರೇಟು ಸಿಕ್ತು.

ಸೋಮವಾರ ಪ್ರಿನ್ಸಿಪಾಲರಿಗೆ ಮನವಿ ಕೊಡ್ತಿದೀವಿ. ಪ್ರತಿ ವಿದ್ಯಾರ್ಥಿಗೂ ಸ್ವಂತ ಲಾಗಿನ್, ವೈವಾಗೆ ಮುಂಚೆ ಪ್ರತಿಯೊಬ್ಬರೂ ತಾವೇ ಸರ್ವರ್ ಎಬ್ಬಿಸಿ ತೋರಿಸಬೇಕು, ಗೈಡ್ ಆ ದಾಖಲೆ ನೋಡಿಯೇ ಅಂಕ ಹಾಕಬೇಕು. ಅವಳ ಹಾಸ್ಟೆಲಿನ ಹನ್ನೊಂದು ಹುಡುಗಿಯರು ಸಹಿ ಹಾಕಿದಾರೆ. ಹತ್ತೂವರೆಗೆ ಕಾಲೇಜಿನ ಗೇಟ್ ಹತ್ರ ಇರ್ತೀವಿ, ಬರೋರು ಬನ್ನಿ.