ಬಾಗಿಲು ಹಾಕಿದೆ, ಆದರೆ ಅಗಳಿ ಬಿದ್ದಿದೆಯೇ?

ಗದಗ ಜಿಲ್ಲೆಯ ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಂಥ ಊರಿನಲ್ಲಿ ಹೊಸ ಮನೆಗೆ ಬಾಗಿಲು ಕೂಡಿಸುವ ಬಡಿಗೇರರ ಕೆಲಸವನ್ನು ಮಕ್ಕಳು ನಿಂತು ನೋಡಬೇಕು. ಮೊದಲು ಚೌಕಟ್ಟು, ನಂತರ ಬಾಗಿಲು. ಬಿಜಾಗರಿ ಹಚ್ಚಿದ ಮೇಲೆ ಒಮ್ಮೆ ಮುಚ್ಚಿ ನೋಡುತ್ತಾರೆ. ತಾಗಿದ ಕಡೆ ಕೀಸುಳಿ ಆಡಿಸಿ ಮತ್ತೆ ಮುಚ್ಚುತ್ತಾರೆ. ಕೊನೆಗೆ ಅಗಳಿ ಸರಿದು ತೂತಿನಲ್ಲಿ ಸರಿಯಾಗಿ ಕೂತರೆ ಮಾತ್ರ ಕೆಲಸ ಮುಗಿದಂತೆ. ಸ್ವಂತ ಕೈಯಿಂದ ವಿಮಾನ ಕಟ್ಟುವವರು ಅದಕ್ಕೆ ಬಾಗಿಲು ಕೂಡಿಸುವ ಕ್ರಮವೂ ಬಹುಮಟ್ಟಿಗೆ ಇದೇ. ಮನೆಯ ಬಾಗಿಲು ತಪ್ಪಿದರೆ ಗಾಳಿಗೆ ಬಡಿದುಕೊಳ್ಳುತ್ತದೆ. ವಿಮಾನದ ಬಾಗಿಲು ತಪ್ಪಿದರೆ ಹಾರಿಹೋಗುತ್ತದೆ.

ಸ್ವಂತ ಕೈಯಿಂದ ವಿಮಾನ ಕಟ್ಟುವುದೇ ಎಂದು ಹುಬ್ಬೇರಿಸಬೇಡಿ. ಅಮೆರಿಕದಲ್ಲಿ ಸಾವಿರಾರು ಜನ ನಕ್ಷೆ ಅಥವಾ ಬಿಡಿಭಾಗಗಳ ಕಿಟ್ ಕೊಂಡು ಮನೆಯ ಷೆಡ್ಡಿನಲ್ಲೇ ವಿಮಾನ ಕಟ್ಟಿ ಹಾರಿಸಿದ್ದಾರೆ. ಕರ್ನಾಟಕಕ್ಕೂ ಇದರ ನಂಟಿದೆ. ಬರ್ಟ್ ರುಟಾನ್ ಎಂಬ ವಿನ್ಯಾಸಕಾರ ಇಂಥ ಹವ್ಯಾಸಿಗಳಿಗಾಗಿ ರೂಪಿಸಿದ 'ಲಾಂಗ್-ಇಝೀ' ವಿಮಾನ 1979ರಲ್ಲಿ ಮೊದಲು ಹಾರಿತು. ಅದನ್ನೇ ಆಧಾರವಾಗಿಟ್ಟುಕೊಂಡು ಬೆಂಗಳೂರಿನ ಎನ್.ಎ.ಎಲ್. ವಿಜ್ಞಾನಿಗಳು 'ಎಲ್.ಸಿ.ಆರ್.ಎ.' ಎಂಬ ಎರಡು ಆಸನಗಳ ಸಂಶೋಧನಾ ವಿಮಾನವನ್ನು ಗಾಜಿನ ನಾರು ಮತ್ತು ರಾಳದಿಂದ ಕಟ್ಟಿ 1987ರಲ್ಲಿ ಹಾರಿಸಿದರು. ಲೋಹದ ಬದಲು ಸಂಯುಕ್ತ ವಸ್ತುಗಳಿಂದ ವಿಮಾನ ಕಟ್ಟುವ ಅನುಭವ ಹೀಗೆ ಕೈಗೂಡಿತು. ಅದೇ ಸಂಸ್ಥೆಯ 'ಹಂಸ' ತರಬೇತಿ ವಿಮಾನ 1993ರಲ್ಲಿ ಹಾರಿತು.

ಲಾಂಗ್-ಇಝೀಗೆ ಪಕ್ಕದ ಬಾಗಿಲಿಲ್ಲ. ತಲೆಯ ಮೇಲೆ ಪಾರದರ್ಶಕ ಮುಚ್ಚಳವಿದೆ. ಅದನ್ನು ಭದ್ರಪಡಿಸದೆಯೇ ಚಾಲಕ ಮೇಲೇರಿಬಿಟ್ಟರೆ? ಅದಕ್ಕಾಗಿ ಎರಡು ಉಪಾಯಗಳಿವೆ. ಒಂದು, ಮುಖ್ಯ ಕೊಕ್ಕೆ ಬಿಟ್ಟರೂ ಮುಚ್ಚಳ ಪೂರ್ತಿ ತೆರೆಯದಂತೆ ಹಿಡಿಯುವ ಇನ್ನೊಂದು ಕೊಕ್ಕೆ. ಎರಡು, ಮುಚ್ಚಳ ಭದ್ರವಾಗದೆ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟರೆ ಕಿರುಗುಟ್ಟುವ ಎಚ್ಚರಿಕೆ ಗಂಟೆ. ಮನುಷ್ಯ ಮರೆಯುತ್ತಾನೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದ ವಿನ್ಯಾಸವಿದು.

ಬಾಗಿಲನ್ನು ಹೊರಗೆ ಎಳೆಯುವುದು ಯಾವುದು? ಉಬ್ಬಿದ ಮೇಲ್ಮೈಯನ್ನು ಅನುಸರಿಸಿ ಗಾಳಿ ಬಾಗಿ ಹರಿಯುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒಳಗಿನ ಗಾಳಿ ಬಾಗಿಲನ್ನು ಹೊರಕ್ಕೆ ದೂಡುತ್ತದೆ. ಒಂದು ಲೆಕ್ಕ ಮಾಡೋಣ. ಗಂಟೆಗೆ 200 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 55.5 ಮೀಟರ್. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋಗ್ರಾಂ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 1,890 ನ್ಯೂಟನ್ ಬರುತ್ತದೆ. ಬಾಗಿಲಿನ ಹೊರಗಡೆ ಒತ್ತಡ ಇದರ ಅರ್ಧದಷ್ಟು ಕಡಿಮೆಯಾಯಿತು, ಬಾಗಿಲಿನ ವಿಸ್ತೀರ್ಣ ಅರ್ಧ ಚದರ ಮೀಟರ್ ಎಂದಿಟ್ಟುಕೊಳ್ಳಿ. ಆಗ ಎಳೆತ 470 ನ್ಯೂಟನ್ನಿನಷ್ಟು, ಅಂದರೆ 48 ಕಿಲೋ ತೂಕದ ಚೀಲ ತೂಗಿಬಿಟ್ಟಷ್ಟು! ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ.

ಬಾಗಿಲು ಕೂಡಿಸುವ ಕಷ್ಟ ತಿಳಿಯಲು 'ಆರ್.ವಿ.-10' ಎಂಬ ನಾಲ್ಕು ಆಸನಗಳ ಕಿಟ್ ವಿಮಾನವನ್ನು ನೋಡಬಹುದು. ಇದರ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತವೆ. ಪ್ರತಿ ಬಾಗಿಲೂ ಒಳಗಿನದೊಂದು, ಹೊರಗಿನದೊಂದು ಹೀಗೆ ಎರಡು ಚಿಪ್ಪುಗಳನ್ನು ರಾಳದಿಂದ ಅಂಟಿಸಿ ಮಾಡಿದ್ದು. ಅಂಟು ಗಟ್ಟಿಯಾಗುವಾಗ ಬಾಗಿಲನ್ನು ವಿಮಾನದ ಮೇಲೆಯೇ ಇಟ್ಟು ಬಿಗಿಯಬೇಕು. ಬೇರೆ ಕಡೆ ಒಣಗಿಸಿದರೆ ಅದರ ಬಾಗು ಚೌಕಟ್ಟಿನ ಬಾಗಿಗೆ ಹೊಂದುವುದಿಲ್ಲ. ಆಮೇಲೆ ಅಂಚನ್ನು ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ಕಡಿಮೆ ಉಜ್ಜಿದರೆ ಮತ್ತೆ ಉಜ್ಜಬಹುದು, ಹೆಚ್ಚು ಉಜ್ಜಿದರೆ ಸರಿಪಡಿಸುವುದು ಕಷ್ಟ. ರಬ್ಬರ್ ಪಟ್ಟಿಗೂ ಜಾಗ ಬಿಡಬೇಕು. ಪಟ್ಟಿ ದಪ್ಪವಾದರೆ ಅದೇ ಬಾಗಿಲನ್ನು ಹೊರಗೆ ಒತ್ತುತ್ತದೆ.

ಹಿಡಿಕೆ ತಿರುಗಿಸಿದಾಗ ಒಂದು ಅಗಳಿ ಮುಂದಕ್ಕೂ ಒಂದು ಹಿಂದಕ್ಕೂ ಚಾಚಿ ಚೌಕಟ್ಟಿನ ತೂತಿಗೆ ಸೇರಬೇಕು. ಹಿಂದಿನ ಅಗಳಿ ತೂತಿಗೆ ಸೇರದೆ ಹೊರಗೇ ಉಳಿದರೂ ಹಿಡಿಕೆ ಮಾತ್ರ ಪೂರ್ತಿ ತಿರುಗಬಹುದು! ಹೀಗೆ ಹಾರಾಟದಲ್ಲಿ ಬಾಗಿಲು ಕಿತ್ತುಹೋದ ಪ್ರಸಂಗಗಳು ನಡೆದ ಮೇಲೆ, ಹೆಚ್ಚಿನ ಸುರಕ್ಷಾ ಕೊಕ್ಕೆಯೊಂದನ್ನು ಸೇರಿಸಲಾಯಿತು. ಅಗಳಿ ತನ್ನ ಜಾಗ ತಲುಪಿದೆಯೇ ಎಂದು ಅಯಸ್ಕಾಂತದ ಸ್ವಿಚ್ಚಿನಿಂದ ಗುರುತಿಸುವ ದೀಪವೂ ಇದೆ.

ದೊಡ್ಡ ವಿಮಾನಗಳೂ ಇದೇ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವು. 1972ರಲ್ಲಿ ಕೆನಡಾದ ವಿಂಡ್ಸರ್ ಬಳಿ ಡಿಸಿ-10 ವಿಮಾನವೊಂದರ ಸರಕಿನ ಬಾಗಿಲು ಆಕಾಶದಲ್ಲೇ ತೆರೆದುಕೊಂಡಿತು. ಹೊರಗಿನ ಹಿಡಿಕೆ ಮುಚ್ಚಿದ್ದರೂ ಒಳಗಿನ ಕೊಕ್ಕೆಗಳು ಪೂರ್ತಿ ಸಿಕ್ಕಿರಲಿಲ್ಲ. ಅದೃಷ್ಟಕ್ಕೆ ಎಲ್ಲರೂ ಉಳಿದರು. ಆದರೆ ದೋಷ ಪೂರ್ಣವಾಗಿ ನಿವಾರಣೆಯಾಗಲಿಲ್ಲ. 1974ರ ಮಾರ್ಚ್ 3ರಂದು ಪ್ಯಾರಿಸ್ ಬಳಿ ಅದೇ ಮಾದರಿಯ ವಿಮಾನದ ಅದೇ ಬಾಗಿಲು ಕಿತ್ತುಹೋಗಿ 346 ಜನ ಸತ್ತರು. 2024ರ ಜನವರಿಯಲ್ಲಿ ಅಮೆರಿಕದಲ್ಲಿ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಬಾಗಿಲ ಜಾಗ ಮುಚ್ಚಿದ್ದ ಫಲಕ ಹಾರಿಹೋದಾಗ, ಅದನ್ನು ಹಿಡಿದಿಡಬೇಕಾದ ನಾಲ್ಕು ಬೋಲ್ಟುಗಳನ್ನು ಮರಳಿ ಹಾಕಿಯೇ ಇರಲಿಲ್ಲವೆಂದು ತನಿಖೆ ಹೇಳಿತು.

ಸಣ್ಣ ವಿಮಾನದ ಬಾಗಿಲು ಹಾರಾಟದಲ್ಲಿ ತೆರೆದುಕೊಂಡರೆ ಚಾಲಕರಿಗೆ ಕಲಿಸುವ ಮೊದಲ ಮಾತು: ಬಾಗಿಲಿನ ಹಿಂದೆ ಬೀಳಬೇಡ, ವಿಮಾನ ಹಾರಿಸು. ಗಾಳಿಯ ಸದ್ದಿಗೆ ಗಾಬರಿಯಾಗಿ ಬಾಗಿಲು ಮುಚ್ಚಲು ಹೋಗಿ ವಿಮಾನದ ಹತೋಟಿ ತಪ್ಪಿಸಿಕೊಂಡವರಿದ್ದಾರೆ. ಬಹುಪಾಲು ಸಣ್ಣ ವಿಮಾನಗಳು ಬಾಗಿಲು ತೆರೆದಿದ್ದರೂ ಹಾರಬಲ್ಲವು. ಸಮಾಧಾನದಿಂದ ಸುತ್ತಿ ಬಂದು ಇಳಿಸಿದರಾಯಿತು.

ಮಕ್ಕಳೇ, ಮನೆಯಲ್ಲಿ ಫ್ರಿಜ್ ಇದ್ದರೆ ಒಂದು ಕಾಗದದ ಪಟ್ಟಿಯನ್ನು ಬಾಗಿಲ ಅಂಚಿಗಿಟ್ಟು ಮುಚ್ಚಿ, ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರ್ ಕೂತಿದೆ. ಸಲೀಸಾಗಿ ಬಂದರೆ ಸಂದಿಯಿದೆ. ಸುತ್ತಲೂ ಪರೀಕ್ಷಿಸಿ, ಸಡಿಲವಿರುವ ಜಾಗಗಳ ಚಿತ್ರ ಬರೆಯಿರಿ. ಪಾಲಕರೂ ಜೊತೆಗೆ ಕೂತರೆ ಒಳ್ಳೆಯದು. 'ಮುಚ್ಚಿದೆ' ಎಂದು ಹೇಳುವುದಕ್ಕೂ 'ಮುಚ್ಚಿದ್ದನ್ನು ನೋಡಿದೆ' ಎಂದು ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಸಲು ಕಾಗದದ ಒಂದು ಚೂರು ಸಾಕು.